ಕ್ರಾಸ್‌ಕೋರ್ಟ್ ಹೊಡೆತದ ಗುರಿ ಎಲ್ಲಿ? ಸ್ಕ್ವಾಷ್ ಅಂಕಣದ ಜ್ಯಾಮಿತಿಯಿಂದ ಒಂದು ಪರಿಶೀಲನೆ

ಪಕ್ಕದ ಗೋಡೆಗೆ ಅಂಟಿಕೊಂಡು ಸಾಗುವ ನೇರ ಡ್ರೈವ್ ಎದುರಾಳಿಯಿಂದ ದೂರವೇ ಉಳಿಯುತ್ತದೆ. ಕ್ರಾಸ್‌ಕೋರ್ಟ್ ಹೊಡೆತಕ್ಕೆ ಆ ಅನುಕೂಲವಿಲ್ಲ, 6.4 ಮೀಟರ್ ಅಗಲದ ಅಂಕಣವನ್ನು ಅಡ್ಡಹಾಯುವ ಚೆಂಡು ಅಂಕಣದ ನಡುವೆ ಗೆರೆಗಳು ಕೂಡುವ ‘ಟಿ’ ಬಳಿ ಕಾದು ನಿಂತವರ ಕಣ್ಣೆದುರೇ ಹೋಗಬೇಕು. ಹೀಗಾಗಿ ಚೆಂಡು ಕೊನೆಗೆ ಎಲ್ಲಿ ಬಿತ್ತು ಎನ್ನುವುದಕ್ಕಿಂತ ಎದುರಾಳಿಯನ್ನು ಎಷ್ಟು ದೂರದಲ್ಲಿ ದಾಟಿತು ಎಂಬುದೇ ಈ ಹೊಡೆತದ ಅಳತೆಗೋಲಾಗಬೇಕು.

ಆಟಗಾರ್ತಿಯೊಬ್ಬಳು ಬಲ ಹಿಂಮೂಲೆಯಲ್ಲಿ, ಮುಂಗೋಡೆಯಿಂದ 8 ಮೀಟರ್, ಬಲಗೋಡೆಯಿಂದ 0.8 ಮೀಟರ್ ದೂರದಿಂದ ಹೊಡೆಯುತ್ತಾಳೆ ಎನ್ನೋಣ. ಚೆಂಡು ಎಡಗೋಡೆಯನ್ನು ಸರ್ವಿಸ್ ಬಾಕ್ಸಿನ ಹಿಂಗೆರೆಯ ನೇರಕ್ಕೆ, ಅಂದರೆ ಮುಂಗೋಡೆಯಿಂದ ಸುಮಾರು 7 ಮೀಟರ್ ಆಳದಲ್ಲಿ ತಾಗಬೇಕು. ಬಂದ ಕೋನದಲ್ಲೇ ಚೆಂಡು ಪುಟಿಯುತ್ತದೆಂದು ಹಿಡಿದರೆ, ಗುರಿ ಮುಂಗೋಡೆಯ ನಡುವಿನಿಂದ 0.6 ಮೀಟರಿನಷ್ಟು ಎಡಕ್ಕಿರಬೇಕು. ಆಗ ಚೆಂಡು, ಎದುರಾಳಿ ‘ಟಿ’ಯ ಹಿಂದೆ ಕಾದು ನಿಲ್ಲುವ 6 ಮೀಟರ್ ಆಳದಲ್ಲಿ, ಅಂಕಣದ ನಡುವಿನಿಂದ 2.8 ಮೀಟರ್ ಆಚೆ ಹಾಯುತ್ತದೆ. ಮುಂಗೋಡೆಯ ನಟ್ಟನಡುವೆ ಹೊಡೆದಳೋ, ಈ ಅಂತರ 1.8 ಮೀಟರಿಗೆ ಇಳಿಯುತ್ತದೆ. ಎದುರಾಳಿ ಒಂದು ಹೆಜ್ಜೆ ಚಾಚಿ ರಾಕೆಟ್ ನೀಡಿದರೆ ಸಾಕು, ವಾಲಿ ಸಿಕ್ಕಿತು. ಹೊಡೆದವಳು ಇನ್ನೂ ಮೂಲೆ ಬಿಟ್ಟಿರುವುದಿಲ್ಲ.

ಮುಂಗೋಡೆಯ ನಡುವಿಗೆ ಹೊಡೆಯಿರಿ ಎಂದು ಹೊಸಬರಿಗೆ ಹೇಳುವುದುಂಟು. ಇದೇ ಲೆಕ್ಕದ ಪ್ರಕಾರ ಆ ಮಾತು ಒಪ್ಪುವುದು 5 ಮೀಟರ್ ಆಸುಪಾಸಿನಿಂದ ಹೊಡೆದಾಗ ಮಾತ್ರ. 2 ಮೀಟರ್ ಸಮೀಪಕ್ಕೆ ಬಂದಾಗ ಗುರಿ ನಡುವಿನಿಂದ ಬಲಕ್ಕೆ, ಅವಳ ಬದಿಗೇ, 1.2 ಮೀಟರಿನಷ್ಟು ಸರಿಯುತ್ತದೆ. ಅಲ್ಲಿಂದಲೂ ನಡುವಿಗೇ ಹೊಡೆದರೆ ಚೆಂಡು 2.7 ಮೀಟರ್ ಆಳದಲ್ಲೇ ಎಡಗೋಡೆಗೆ ಬಡಿದು ಎದುರಾಳಿಯತ್ತ ತಿರುಗುತ್ತದೆ. ಹಿಂದಿನಿಂದ ಅಗಲ ಸಾಲದಾದ ಸಲಹೆಗೆ ಮುಂದಿನಿಂದ ಅಗಲ ಅತಿಯಾಯಿತು.

ಟೊಳ್ಳು ರಬ್ಬರ್ ಚೆಂಡು ಗೋಡೆಗೆ ತಾಗಿ ಚಪ್ಪಟೆಯಾಗುತ್ತದೆ, ವೇಗ ಕಳೆದುಕೊಳ್ಳುತ್ತದೆ. ಕಟ್ ಕೊಟ್ಟರೆ ಪುಟಿತವೂ ಬದಲಾಗುತ್ತದೆ. ಹಾಗಾಗಿ ಮೇಲಿನ ಸೆಂಟಿಮೀಟರುಗಳನ್ನು ಅಕ್ಷರಶಃ ನೆಚ್ಚುವುದು ಬೇಡ. ಗುರಿ ಯಾವ ಕಡೆ ಸರಿಯುತ್ತದೆ ಎಂಬುದನ್ನು ನೆಚ್ಚಬಹುದು.

ಅಗಲ ಕೈಗೂಡದಾಗ ಉಳಿಯುವುದು ಎತ್ತರ, ಅಂದರೆ ಲಾಬ್. ಅದಕ್ಕೂ ಮಿತಿಯಿದೆ: ಪಕ್ಕದ ಗೋಡೆಯ ಔಟ್ ಗೆರೆ ಮುಂದೆ 4.57 ಮೀಟರ್ ಎತ್ತರದಲ್ಲಿ ಶುರುವಾಗಿ ಹಿಂಗೋಡೆಯ ಹೊತ್ತಿಗೆ 2.13ಕ್ಕೆ ಇಳಿಯುತ್ತದೆ. 7 ಮೀಟರ್ ಆಳದಲ್ಲಿ ಅದರ ಎತ್ತರ ಸುಮಾರು 2.8 ಮೀಟರ್. ಲಾಬ್ ಎದುರಾಳಿಯ ತಲೆ ದಾಟಿದ ಕೂಡಲೇ ಇಳಿಯತೊಡಗಬೇಕು. ಬಿರುಸಾಗಿ ಎತ್ತಿದ ಚೆಂಡು ಔಟ್.

ಇನ್ನು ಸಂದರ್ಭ. ನೇರ ಡ್ರೈವ್‌ಗಳ ಸಾಲಿನ ನಂತರ ಎದುರಾಳಿ ಅತ್ತಲೇ ಅರ್ಧ ಮೀಟರ್ ಜರುಗಿ ನಿಂತರೆ, ಮೇಲೆ ಹೇಳಿದ 2.8 ಮೀಟರ್ ಅಂತರ 3.3 ಆಗುತ್ತದೆ. ತೋಳು, ಹೆಗಲುಗಳ ಸಿದ್ಧತೆ ನೇರ ಡ್ರೈವಿನಂತೆಯೇ ಕಂಡರೆ ಮಾತ್ರ ಈ ಲಾಭ ದಕ್ಕೀತು.