ಮರ ಮತ್ತು ಬಟ್ಟೆಯ ಊರು

ದಕ್ಷಿಣ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಡಿಸೆಂಬರ್ ತಿಂಗಳ ಸೂರ್ಯ ಸಂಜೆ ನಾಲ್ಕೂಕಾಲಿಗೆಲ್ಲ ಮುಳುಗಿಬಿಡುತ್ತಾನೆ. ನಮ್ಮಲ್ಲಿ ಶಾಲೆಯ ಕೊನೆಯ ಗಂಟೆ ಹೊಡೆಯುವ ಹೊತ್ತು ಅದು. ಶುಭಾಶಯ ಪತ್ರಗಳಲ್ಲಿ ಕಾಣುವ ಹಿಮ ಪ್ರತಿ ವರ್ಷವೂ ಬೀಳುತ್ತದೆಂದೇನಿಲ್ಲ. ಹೆಚ್ಚಿನ ದಿನ ಜಿನುಗು ಮಳೆ, ಬೂದು ಆಕಾಶ, ಮೂಳೆಗಿಳಿಯುವ ತೇವದ ಚಳಿ. ಇಂಥ ಹೊತ್ತಿನಲ್ಲಿ ಜನ ಕಂಬಳಿ ಹೊದ್ದು ಮನೆಯೊಳಗೆ ಕೂರಬೇಕಲ್ಲವೇ? ಕೂರುವುದಿಲ್ಲ. ಊರಿಗೆ ಊರೇ ಟೊಪ್ಪಿ, ಕೈಗವಸು ಏರಿಸಿಕೊಂಡು, ಅಜ್ಜಿ ಮೊಮ್ಮಕ್ಕಳೆನ್ನದೆ ಚೌಕಕ್ಕೆ ಬಂದು ನಿಂತಿರುತ್ತದೆ.

ಆ ಚೌಕದ ಹೆಸರು ಹಾಪ್ಟ್‌ಮಾರ್ಕ್ಟ್. ನಮ್ಮ ಮಾತಿನಲ್ಲಿ ದೊಡ್ಡಪೇಟೆ ಎನ್ನಬಹುದು. ಅಲ್ಲಿ ಪ್ರತಿ ವರ್ಷ ಕೆಂಪು ಬಿಳಿ ಪಟ್ಟೆಯ ಬಟ್ಟೆ ಹೊದಿಸಿದ ಸುಮಾರು 180 ಮರದ ಮಳಿಗೆಗಳು ಏಳುತ್ತವೆ. ಮರ ಮತ್ತು ಬಟ್ಟೆಯ ಪುಟ್ಟ ಊರು ಎಂದೇ ಅಲ್ಲಿಯವರು ಅದನ್ನು ಕರೆಯುವುದು. ಸಂತೆಯ ನಿಜವಾದ ಹೆಸರು ಕ್ರಿಸ್ಟ್‌ಕಿಂಡ್ಲೆಸ್‌ಮಾರ್ಕ್ಟ್. ನಾಲಿಗೆ ತಿರುಗಿಸಲು ನನಗೆ ಒಂದು ವಾರ ಬೇಕಾಯಿತು. ಮಗಳು ಕೆಲಸದ ನಿಮಿತ್ತ ಪಕ್ಕದ ಎರ್ಲಾಂಗೆನ್‌ನಲ್ಲಿದ್ದುದರಿಂದ ಒಂದು ಚಳಿಗಾಲವನ್ನು ಅಲ್ಲಿ ಕಳೆಯುವ ಯೋಗ ನನಗೂ ಬಂದಿತ್ತು. ಮಸಾಲೆ ಹಾಕಿ ಕಾಯಿಸಿದ ದ್ರಾಕ್ಷಾರಸವನ್ನು ಜನ ದೊಡ್ಡ ಪಿಂಗಾಣಿ ಲೋಟಗಳಲ್ಲಿ ಹಿಡಿದು ಕುಡಿಯುತ್ತಾರೆ. ನನ್ನಂಥವರಿಗೆ ಮಕ್ಕಳ ಪಂಚ್ ಎಂಬ ಬಿಸಿ ಹಣ್ಣಿನ ರಸವಿದೆ. ಲೋಟಕ್ಕೂ ಮುಂಗಡ ಹಣ ಕಟ್ಟಬೇಕು. ಲೋಟ ತಿರುಗಿ ಕೊಟ್ಟರೆ ಹಣ ವಾಪಸು, ಇಷ್ಟವಾದರೆ ಮನೆಗೇ ಒಯ್ಯಬಹುದು. ನಾನು ಎರಡು ತಂದಿದ್ದೇನೆ.

ಡಿಸೆಂಬರಿನ ಹಬ್ಬಕ್ಕೆ ಮೊದಲ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದರ ಹಿಂದಿನ ಶುಕ್ರವಾರ, ಸಂಜೆ ಐದೂವರೆಗೆ ಸಂತೆ ಆರಂಭ. ಚೌಕದ ದೀಪಗಳೆಲ್ಲ ಆರುತ್ತವೆ. ಪಕ್ಕದ ಫ್ರಾವೆನ್‌ಕಿರ್ಶೆ, ಎಂದರೆ ಮೇರಿಮಾತೆಯ ಇಗರ್ಜಿ, ಅದರ ಮೊಗಸಾಲೆಯ ಮೇಲೆ ಬಂಗಾರದ ಕಿರೀಟ, ಬಂಗಾರದ ಗುಂಗುರು ಕೂದಲು, ರೆಕ್ಕೆಯಂಥ ತೋಳಿನ ಉಡುಪು ತೊಟ್ಟ ಹುಡುಗಿಯೊಬ್ಬಳು ಕಾಣಿಸಿಕೊಂಡು, ಪದ್ಯರೂಪದ ಸ್ವಾಗತ ಹೇಳುತ್ತಾಳೆ. ಅವಳೇ ಕ್ರಿಸ್ಟ್‌ಕಿಂಡ್. ಹೆಸರಿನ ಅರ್ಥ ಬಾಲಯೇಸು, ರೂಪ ಮಾತ್ರ ದೇವಕನ್ನೆಯದು! ಇದರ ಹಿಂದೆ ಮಾರ್ಟಿನ್ ಲೂಥರನ ಕತೆಯಿದೆ. ಹಿಂದೆ ಮಕ್ಕಳಿಗೆ ಉಡುಗೊರೆ ಬರುತ್ತಿದ್ದದ್ದು ಡಿಸೆಂಬರ್ 6ರಂದು, ಸಂತ ನಿಕೋಲಸನಿಂದ. ಸಂತರ ಆರಾಧನೆ ಒಪ್ಪದ ಲೂಥರ್ ಉಡುಗೊರೆಯನ್ನು ಕ್ರಿಸ್‌ಮಸ್ಸಿಗೆ ಸರಿಸಿ, ಕೊಡುವವನು ಬಾಲಯೇಸುವೇ ಎಂದ. ಕಾಲಾಂತರದಲ್ಲಿ ಆ ಬಾಲಕ ನಾಟಕ, ಮೆರವಣಿಗೆಗಳ ದೇವದೂತರೊಂದಿಗೆ ಬೆರೆತು ಹುಡುಗಿಯಾದ. ಮುಂದೆ ಇನ್ನೊಂದು ತಮಾಷೆ ನಡೆಯಿತು. ಕ್ಯಾಥೊಲಿಕರು ಈ ಮಗುವನ್ನು ಒಪ್ಪಿಕೊಂಡರು, ಲೂಥರನ ಅನುಯಾಯಿಗಳೇ ಹೆಚ್ಚಿರುವ ಉತ್ತರ ಜರ್ಮನಿ ಗಡ್ಡದ ತಾತನನ್ನು ತಂದುಕೊಂಡಿತು.

ಈ ಸಂತೆ ಎಷ್ಟು ಹಳೆಯದು? ನನಗೆ ತುಂಬ ಹಿಡಿಸಿದ ಸಾಕ್ಷಿಯೆಂದರೆ ಒಂದು ಪೆಟ್ಟಿಗೆ. ನ್ಯೂರೆಂಬರ್ಗಿನ ಜರ್ಮನಿಕ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಹೂವಿನ ಚಿತ್ತಾರದ ಪುಟ್ಟ ಮರದ ಪೆಟ್ಟಿಗೆಯೊಂದಿದೆ. ಮದುವೆಯಾಗದ ತರುಣಿಯೊಬ್ಬಳು ರೆಜಿನಾ ಸುಸಾನಾ ಹಾರ್ಸ್‌ಡೋರ್ಫರ್ ಎಂಬವಳಿಗೆ ಮಗುವಿನ ಸಂತೆಯ ಸಲುವಾಗಿ ಇದನ್ನು ಕಳಿಸಿದಳೆಂದು ಅದರ ತಳದಲ್ಲಿ ಬರೆದಿದೆ. ವರ್ಷ 1628. ಮೂವತ್ತು ವರ್ಷಗಳ ಯುದ್ಧದಲ್ಲಿ ಜರ್ಮನಿ ಬೇಯುತ್ತಿದ್ದ ಕಾಲ. ರಾಜರ ಶಾಸನವೂ ಅಲ್ಲ, ವ್ಯಾಪಾರಿಗಳ ಕಡತವೂ ಅಲ್ಲ, ಒಬ್ಬ ಹೆಣ್ಣು ಇನ್ನೊಬ್ಬಳಿಗೆ ಕೊಟ್ಟ ಉಡುಗೊರೆ ಈ ಸಂತೆಯ ಹಳೆಯ ದಾಖಲೆಯಾಗಿ ಉಳಿದಿದೆ. ಮಕ್ಕಳಿಗೆ ಇತಿಹಾಸ ಹೇಳಿಕೊಡುವವಳಾಗಿ ನನಗೆ ಇದರಷ್ಟು ಸಂತೋಷ ಕೊಟ್ಟ ಸಂಗತಿ ಕಡಿಮೆ.

ಸಂತೆಯಲ್ಲಿ ಬಂಗಾರದ ಹಾಳೆಯ ದೇವದೂತ ಗೊಂಬೆಗಳು ಮಾರಾಟಕ್ಕಿರುತ್ತವೆ. ತೀರಿಹೋದ ಮಗಳನ್ನು ಕನಸಿನಲ್ಲಿ ಕಂಡ ಗೊಂಬೆಗಾರನೊಬ್ಬ ಅವಳ ನೆನಪಿಗೆ ಮೊದಲ ಗೊಂಬೆ ಮಾಡಿದನೆಂಬ ದಂತಕತೆಯಿದೆ. ಒಣ ಪ್ಲಮ್ ಹಣ್ಣುಗಳನ್ನು ತಂತಿಗೆ ಪೋಣಿಸಿ, ಅಕ್ರೋಟನ್ನು ತಲೆಯಾಗಿಸಿ ಮಾಡುವ ಗೊಂಬೆಗಳೂ ಉಂಟು. ಆದರೆ ಮೂಗು ನನ್ನನ್ನು ಎಳೆದೊಯ್ದದ್ದು ಲೆಬ್‌ಕುಖೆನ್ ಎಂಬ ತಿನಿಸಿನ ಮಳಿಗೆಗೆ. ದಾಲ್ಚಿನ್ನಿ, ಲವಂಗ, ಏಲಕ್ಕಿ, ಶುಂಠಿ! ಚಳಿಯಲ್ಲಿ ಕೆಂಪಾದ ಮುಖಗಳ ನಡುವೆ ನಮ್ಮ ಮಸಾಲೆ ಡಬ್ಬಿಯ ಮುಚ್ಚಳ ತೆಗೆದಂತಾಯಿತು. ಎಲಿಸೆನ್ ಎಂಬ ಉತ್ತಮ ಬಗೆಯಲ್ಲಿ ಹಿಟ್ಟು ಹತ್ತು ಭಾಗಕ್ಕಿಂತ ಒಂದಂಶ ಮೀರುವಂತಿಲ್ಲ, ನೂರಕ್ಕೆ ಇಪ್ಪತ್ತೈದರಷ್ಟಾದರೂ ಬಾದಾಮಿ, ಅಕ್ರೋಟಿನಂಥ ಬೀಜಗಳಿರಬೇಕು. ಅಲ್ಲಿಯ ಲೆಬ್‌ಕುಖೆನ್ ತಯಾರಕರು 1643ರಲ್ಲೇ ತಮ್ಮದೇ ಸಂಘ ಕಟ್ಟಿಕೊಂಡಿದ್ದರು.

ಊರಿನ ಸುತ್ತಣ ಕಾಡಿನಲ್ಲಿ ಜೇನು ಹೇರಳ. ಸಂಬಾರವೋ, ಸಮುದ್ರವೇ ಇಲ್ಲದ ಈ ಊರಿಗೆ ನಮ್ಮ ಪಶ್ಚಿಮ ಕರಾವಳಿಯ ಕಡೆಯಿಂದ ಅರಬರ ಹಡಗು, ಅಲೆಕ್ಸಾಂಡ್ರಿಯಾ, ವೆನಿಸ್, ಆಲ್ಪ್ಸ್ ಕಣಿವೆಗಳನ್ನು ದಾಟಿ ಬರಬೇಕಿತ್ತು. ಇದೇ ಊರಿನ ಮಾರ್ಟಿನ್ ಬೆಹೈಮ್ 1492ರಲ್ಲಿ ಮಾಡಿಸಿದ ಭೂಗೋಳ ಅದೇ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದರಲ್ಲಿ ಅಮೆರಿಕವೇ ಇಲ್ಲ. ಸಂಬಾರ ಪದಾರ್ಥ ಎಷ್ಟು ಕೈ ಬದಲಾಗಿ, ಪ್ರತಿ ಕೈಯಲ್ಲೂ ಬೆಲೆ ಏರಿ ಬರುತ್ತದೆಂಬ ವಿವರಣೆ ಮಾತ್ರ ಉದ್ದಕ್ಕೆ ಇದೆ. ಆ ಕೈಗಳನ್ನು ತಪ್ಪಿಸುವ ಆಸೆಯಿಂದ ಇಲ್ಲಿನ ಹಿರ್ಶ್‌ಫೋಗೆಲ್, ಇಮ್‌ಹೋಫ್ ಮನೆತನಗಳು 1505ರ ಪೋರ್ಚುಗೀಸ್ ನೌಕಾಪಡೆಗೆ ಹಣ ಹೂಡಿದವು. ಫ್ರಾನ್ಸಿಸ್ಕೊ ಅಲ್ಮೇಡಾನ ಅದೇ ನೌಕಾಪಡೆ ಕಾರವಾರದ ಎದುರಿನ ಅಂಜುದೀವದಲ್ಲಿ ಕೋಟೆ ಕಟ್ಟಿ, ಹೊನ್ನಾವರದಲ್ಲಿ ಹಡಗುಗಳಿಗೆ ಬೆಂಕಿಯಿಟ್ಟಿತು. ಆ ಸಿಹಿಯನ್ನು ಕಚ್ಚುವಾಗ ಈ ಬೆಂಕಿ ನೆನಪಾಗದಿರಲಿಲ್ಲ. ಹಾಗಂತ ತಿನ್ನುವುದನ್ನೇನೂ ಬಿಡಲಿಲ್ಲ.

ಬೆಂಕಿಯ ಮಾತು ಬಂದದ್ದರಿಂದ ಆ ಚೌಕದ ನೆಲದ ಮಾತನ್ನೂ ಹೇಳಿಬಿಡುತ್ತೇನೆ. ಇಂದು ಮಳಿಗೆಗಳು ನಿಲ್ಲುವ ಜಾಗ ಒಂದು ಕಾಲಕ್ಕೆ ಯಹೂದಿಗಳ ಕೇರಿ. ಪೇಟೆಗೆ ಬಯಲು ಬೇಕೆಂದು ನಗರದವರು ಕೇಳಿದಾಗ ನಾಲ್ಕನೆಯ ಕಾರ್ಲ್ ದೊರೆ ಕೇರಿಯನ್ನು ಕೆಡವಲು 1349ರಲ್ಲಿ ಅಪ್ಪಣೆ ಕೊಟ್ಟ. ಆ ವರ್ಷ ಡಿಸೆಂಬರ್ 5ರಂದು, ನಿಕೋಲಸನ ಹಬ್ಬದ ಹಿಂದಿನ ದಿನ, ಕನಿಷ್ಠ 562 ಜನ ಕೊಲೆಯಾದರು. ಅವರ ಪ್ರಾರ್ಥನಾಮಂದಿರವಿದ್ದಲ್ಲೇ ಎದ್ದದ್ದು ಆ ಮೇರಿಮಾತೆಯ ಇಗರ್ಜಿ. ಅದರ ಗಡಿಯಾರದಲ್ಲಿ ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಏಳು ಬೊಂಬೆಗಳು ಇದೇ ಕಾರ್ಲ್ ದೊರೆಯ ಸುತ್ತ ಮೂರು ಸುತ್ತು ಬರುತ್ತವೆ. ಪ್ರವಾಸಿಗರು ಕತ್ತೆತ್ತಿ ನೋಡಿ ಚಪ್ಪಾಳೆ ತಟ್ಟುತ್ತಾರೆ.

ಇನ್ನು ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಮೊಗಸಾಲೆಯ ಸ್ವಾಗತವೂ ಲೂಥರನ ಕಾಲದ್ದೆಂದು ನೋಡುವವರಿಗೆ ಅನ್ನಿಸುತ್ತದೆ. ಹಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಂತೆ ಸೊರಗಿ, 1898ರಲ್ಲಿ ದೊಡ್ಡಪೇಟೆಯಿಂದಲೇ ಹೊರಬಿದ್ದು ಅಲ್ಲಿ ಇಲ್ಲಿ ಅಲೆಯಿತು. ಅದನ್ನು ಮತ್ತೆ ಚೌಕಕ್ಕೆ ತಂದು, ಕ್ರಿಸ್ಟ್‌ಕಿಂಡ್ ವೇಷದ ಹುಡುಗಿಯಿಂದ ಪದ್ಯ ಹೇಳಿಸಿ, ವೈಭವದಿಂದ ಆರಂಭಿಸುವ ಪದ್ಧತಿ ಹಾಕಿದವರು 1933ರಲ್ಲಿ ಅಧಿಕಾರ ಹಿಡಿದ ನಾಜಿಗಳು. ಆಗ ಚೌಕಕ್ಕೆ ಹಿಟ್ಲರನದೇ ಹೆಸರು. ಅಪ್ಪಟ ಜರ್ಮನ್ ಹಬ್ಬವೊಂದು ಅವರಿಗೆ ಬೇಕಿತ್ತು, ಅದಕ್ಕೊಂದು ಹೊಂಗೂದಲ ಹುಡುಗಿ. ಎರಡೇ ವರ್ಷಕ್ಕೆ, 1935ರಲ್ಲಿ, ಯಹೂದಿಗಳ ಪೌರತ್ವ ಕಿತ್ತುಕೊಂಡ ಕಾನೂನುಗಳು ಇದೇ ಊರಿನ ಹೆಸರು ಹೊತ್ತವು. 1938ರ ಆಗಸ್ಟಿನಲ್ಲಿ ಇಲ್ಲಿನ ದೊಡ್ಡ ಯಹೂದಿ ಮಂದಿರವನ್ನು ಕೆಡವಿದರು. ಹಬ್ಬವನ್ನು ಎಷ್ಟು ಚೆಂದ ಮಾಡಿದರೂ, ಯಾರನ್ನು ಹೊರಗಿಟ್ಟು ಮಾಡುತ್ತಿದ್ದೇವೆಂದು ಅಂದು ಆ ಚಳಿಯಲ್ಲಿ ನಿಂತಿದ್ದ ತಾಯಂದಿರಿಗೆ ಹೊಳೆದಿತ್ತೇ? ನನಗೆ ಕಾಡುವ ಪ್ರಶ್ನೆ ಇದು.

ಯುದ್ಧ ಶುರುವಾದೊಡನೆ ಸಂತೆ ನಿಂತಿತು. 1945ರ ಜನವರಿ 2ರ ರಾತ್ರಿ ಬಿದ್ದ ಬಾಂಬುಗಳಿಗೆ ಹಳೆಯ ಊರಿನ ಬಹುಭಾಗ ಕಲ್ಲುರಾಶಿಯಾಯಿತು, ಸುಮಾರು 1,800 ಜನ ಸತ್ತರು. ನಾಜಿ ನಾಯಕರ ವಿಚಾರಣೆಯೂ ಇದೇ ಊರಿನಲ್ಲಿ. ಕ್ರಿಸ್‌ಮಸ್ಸಿಗೆಂದು ಬಿಡುವು ಕೊಟ್ಟ ನ್ಯಾಯಾಲಯ ಮತ್ತೆ ಕೂತದ್ದು 1946ರ ಜನವರಿ 2ರಂದು, ಬಾಂಬು ಬಿದ್ದು ಸರಿಯಾಗಿ ವರ್ಷಕ್ಕೆ. 1948ರಲ್ಲಿ ಭಗ್ನಾವಶೇಷಗಳ ನಡುವೆಯೇ ಸಂತೆ ಮತ್ತೆ ನೆರೆಯಿತು. ಫ್ರೀಡ್ರಿಶ್ ಬ್ರೋಗರ್ ಹೊಸ ಪದ್ಯ ಬರೆದುಕೊಟ್ಟರು, ನಟಿ ಸೋಫಿ ಕೀಸರ್ ಕ್ರಿಸ್ಟ್‌ಕಿಂಡ್ ಆದರು. ನಾಜಿಗಳ ಪದ್ಯ ಹೋಯಿತು, ಅವರು ಹಾಕಿದ ಪದ್ಧತಿ ಉಳಿಯಿತು. ಜನರಿಗೆ ಬೆಳಕು ಬೇಕಿತ್ತು, ಅದಕ್ಕೆ ನಾನು ಬೆರಳು ತೋರಿಸಲಾರೆ.

1969ರಿಂದ ನಟಿಯರ ಬದಲು ಊರಿನ ಹುಡುಗಿಯರಿಗೇ ಆ ಪಾತ್ರ. ವಯಸ್ಸು 16ರಿಂದ 19, ಎತ್ತರ ಕನಿಷ್ಠ 160 ಸೆಂಟಿಮೀಟರ್, ಎತ್ತರದ ಭಯ ಇರಬಾರದು. ಆಯ್ಕೆ ಎರಡು ವರ್ಷಕ್ಕೆ. ಮೊಗಸಾಲೆಯ ಮೇಲೆ ನಿಲ್ಲುವುದು ಒಂದು ಸಂಜೆ ಮಾತ್ರ. ಉಳಿದ ದಿನವೆಲ್ಲ ಆಸ್ಪತ್ರೆ, ವೃದ್ಧಾಶ್ರಮ, ಶಿಶುವಿಹಾರಗಳಿಗೆ ಭೇಟಿ. ಬಂಗಾರದ ಕೂದಲು ಚೌರಿಯದು, ಅದು ಎಲ್ಲರಿಗೂ ಸಮಾನ.

2019ರಲ್ಲಿ ಆಯ್ಕೆಯಾದವಳು ಹದಿನೇಳರ ಬೆನಿಗ್ನಾ ಮುನ್ಸಿ. ಹುಟ್ಟಿದ್ದು ನ್ಯೂರೆಂಬರ್ಗಿನಲ್ಲೇ. ತಾಯಿ ಜರ್ಮನ್, ತಂದೆ ಭಾರತದವರು. ಆ ಕಪ್ಪು ಗುಂಗುರು ಕೂದಲಿನ ಚಿತ್ರ ಪತ್ರಿಕೆಯಲ್ಲಿ ಬಂದೊಡನೆ ಎಎಫ್‌ಡಿ ಎಂಬ ಬಲಪಂಥೀಯ ಪಕ್ಷದ ಮ್ಯೂನಿಕ್ ಕಡೆಯ ಶಾಖೆ ಫೇಸ್‌ಬುಕ್ಕಿನಲ್ಲಿ ಅಣಕವಾಡಿತು: ಅಮೆರಿಕದ ಮೂಲನಿವಾಸಿಗಳಿಗಾದ ಗತಿಯೇ ಮುಂದೊಂದು ದಿನ ನಮಗೂ ಎಂಬ ಅರ್ಥದ ಮಾತು. ಊರು ಸುಮ್ಮನಿರಲಿಲ್ಲ. ಮೇಯರಿಂದ ಹಿಡಿದು ಸಾಮಾನ್ಯರವರೆಗೆ ಸಾವಿರಾರು ಜನ ಹುಡುಗಿಯ ಪರ ನಿಂತರು. ಬರಹವನ್ನು ಅಳಿಸಿ, ಪಕ್ಷದವರು ಕ್ಷಮೆ ಕೇಳಬೇಕಾಯಿತು.

"ಅವತ್ತು ಏನಾಯಿತೇ?" ಎಂದು ಮಗಳನ್ನು ಕೇಳಿದೆ. "ಏನಾಗುತ್ತೆ ಅಮ್ಮ, ಹುಡುಗಿ ಮೇಲೆ ನಿಂತು ಪದ್ಯ ಹೇಳಿದಳು, ಕೆಳಗೆ ಮಕ್ಕಳೆಲ್ಲ ಬಾಯಿ ತೆರೆದುಕೊಂಡು ನೋಡ್ತಿದ್ದರು" ಎಂದಳು. ಅದು ನವೆಂಬರ್ 29ರ ಸಂಜೆ. ಮರುವರ್ಷ ಕೊರೋನಾ ಬಂತು. 2020ರಲ್ಲೂ 2021ರಲ್ಲೂ ಚೌಕದಲ್ಲಿ ಸಂತೆ ನೆರೆಯಲಿಲ್ಲ.