ಅಹವಾಲು ಕೇಳುವುದು ಬೇರೆ, ಅಧಿಕಾರ ಕೊಡುವುದು ಬೇರೆ

ಬ್ರಂಟ್‌ಲ್ಯಾಂಡ್ ಆಯೋಗದ ವರದಿ 'ಸುಸ್ಥಿರ ಅಭಿವೃದ್ಧಿ' ಎಂಬ ಮಾತನ್ನು ಜಗತ್ತಿನೆಲ್ಲೆಡೆ ಚಾಲ್ತಿಗೆ ತಂದದ್ದು 1987ರಲ್ಲಿ. ಆ ವರ್ಷ ಕರ್ನಾಟಕದ ಹಳ್ಳಿಗಳಲ್ಲಿ, ತೀರ್ಮಾನದಲ್ಲಿ ಜನರಿಗೂ ಪಾಲಿರಬೇಕು ಎಂಬ ಅದರ ವಿಚಾರವೇ ಬೇರೆ ಹೆಸರಿನಲ್ಲಿ ನಡೆದಿತ್ತು. ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆಯಾಯಿತು. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಹಟ ಹಿಡಿದು ತಂದ 1983ರ ಕಾಯ್ದೆಯ ಫಲ ಅದು. ಮಹಿಳೆಯರಿಗೆ ಶೇ. 25 ಮೀಸಲಾತಿ ಕೊಟ್ಟದ್ದೂ ಅದೇ ಕಾಯ್ದೆ. ದೇಶದ ಪಂಚಾಯತಿಗಳಿಗೆ ಬಲ ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಎಷ್ಟೋ ವರ್ಷಗಳ ನಂತರ.

ಅದೇ 1987ರ ನವೆಂಬರಿನಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಇನ್ನೊಂದು ಘಟನೆ. ದನ ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ಸಾವಿರಾರು ಎಕರೆ ಊರೊಟ್ಟಿನ ನೆಲವನ್ನು ಸರ್ಕಾರ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಗುತ್ತಿಗೆ ಕೊಟ್ಟಿತ್ತು. ಊರವರನ್ನು ಯಾರೂ ಕೇಳಿರಲಿಲ್ಲ. ಜನ ಗುಂಪುಗೂಡಿ ಹೋದರು, ಕಂಪನಿಗಾಗಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತರು, ಆ ಜಾಗದಲ್ಲೇ ಹಣ್ಣಿನ, ಮೇವಿನ ಗಿಡ ಹಚ್ಚಿದರು. 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹವೆಂದು ಹೆಸರಾದ ಈ ಹೋರಾಟ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಮೂಲಕ ಸುಪ್ರೀಂ ಕೋರ್ಟಿಗೂ ಹೋಯಿತು. 1991ರಲ್ಲಿ ಕಂಪನಿಯೇ ಮುಚ್ಚಿತು.

ಊರೊಟ್ಟಿನ ಸಂಪತ್ತನ್ನು ಬಳಸುವವರೇ ಕಟ್ಟುಪಾಡು ಮಾಡಿಕೊಂಡರೆ ಅದು ಉಳಿಯುತ್ತದೆ ಎಂದು ಅಮೆರಿಕದ ವಿದ್ವಾಂಸೆ ಎಲಿನಾರ್ ಆಸ್ಟ್ರಂ 1990ರಲ್ಲಿ ಪುಸ್ತಕ ಬರೆದು ತೋರಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಸಂದಿತು. 1992ರ ರಿಯೋ ಘೋಷಣೆ ಪರಿಸರದ ವಿಷಯದಲ್ಲಿ ಮಾಹಿತಿ, ಭಾಗವಹಿಸುವಿಕೆ, ನ್ಯಾಯ ಮೂರೂ ಜನರಿಗೆ ಸಿಗಬೇಕು ಎಂದಿತು. ನಮ್ಮಲ್ಲಿ ಅದು ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ಮುನ್ನ ನಡೆಸುವ ಸಾರ್ವಜನಿಕ ಅಹವಾಲು ಸಭೆಯ ರೂಪ ತಾಳಿತು. ಶಾಮಿಯಾನ, ಮೈಕು, ವೇದಿಕೆಯ ಮೇಲೆ ಜಿಲ್ಲಾಧಿಕಾರಿ. ಆಕ್ಷೇಪಗಳನ್ನು ಬರೆದುಕೊಳ್ಳುತ್ತಾರೆ, ಆದರೆ ಯೋಜನೆ ಬೇಡವೆನ್ನುವ ಅಧಿಕಾರ ಆ ಸಭೆಗಿಲ್ಲ. ನನಗಂತೂ ಇದು ಭಾಗವಹಿಸುವಿಕೆ ಅನ್ನಿಸುವುದಿಲ್ಲ.

ಕೆರೆಗಳ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಮೈಸೂರು ಸಂಸ್ಥಾನ 1911ರಲ್ಲೇ ಕೆರೆ ಪಂಚಾಯತಿಗೆ ಕಾನೂನು ಮಾಡಿತ್ತು. 2002ರಲ್ಲಿ ವಿಶ್ವಬ್ಯಾಂಕ್ ಸಾಲದ ಜಲಸಂವರ್ಧನೆ ಯೋಜನೆ ಊರೂರಲ್ಲಿ ಕೆರೆ ಬಳಕೆದಾರರ ಸಂಘ ಕಟ್ಟಿಸಿತು. ಹೂಳೇನೋ ಎತ್ತಿದರು. ಯೋಜನೆಯ ಹಣ ನಿಂತ ಮೇಲೆ ತೂಬು, ಕೋಡಿ ನೋಡಿಕೊಳ್ಳಲು ಸಂಘಕ್ಕೆ ಸ್ವಂತ ಆದಾಯ ಬೇಕಲ್ಲ!

ದಿಕ್ಕು ಬದಲಿಸಿದ್ದು ಗ್ರಾಮಸಭೆಯ ಕೈಗೆ ಅಧಿಕಾರ ಕೊಟ್ಟ 2006ರ ಅರಣ್ಯ ಹಕ್ಕು ಕಾಯ್ದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಜೇನು, ನೆಲ್ಲಿಕಾಯಿ ಮತ್ತೆ ಅವರದಾದವು. 2013ರಲ್ಲಿ ಒಡಿಶಾದ ನಿಯಮಗಿರಿಯಲ್ಲಿ, ಸುಪ್ರೀಂ ಕೋರ್ಟಿನ ಆದೇಶದಂತೆ ಸೇರಿದ 12 ಗ್ರಾಮಸಭೆಗಳು ಬಾಕ್ಸೈಟ್ ಗಣಿಗೆ ಒಂದರ ಹಿಂದೊಂದು ಬೇಡವೆಂದವು. ಗಣಿ ಬರಲಿಲ್ಲ.

ನಜೀರ್ ಸಾಬರ ನಾಡಿನಲ್ಲಿ ಮಾತ್ರ ಜಿಲ್ಲಾ, ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಮೂರು ವರ್ಷ ಕಳೆದರೂ ಚುನಾವಣೆ ಆಗಲಿಲ್ಲ. ಆಡಳಿತಾಧಿಕಾರಿಗಳೇ ಅವನ್ನು ನಡೆಸಿದರು.