ರೋಮಿನ ಬೆಕ್ಕುಗಳು ಹೇಳಿದ ಲೆಕ್ಕ

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಇಲಿಗಳ ಸಭೆಯಲ್ಲಿ ಎದ್ದ ಈ ಪ್ರಶ್ನೆ ನಮ್ಮೆಲ್ಲರಿಗೂ ಗೊತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಹಲವು ದೇಶಗಳ ನಗರಪಾಲಿಕೆಗಳು ತಮ್ಮ ಸಭೆಗಳಲ್ಲಿ ಕೇಳಿಕೊಳ್ಳಬೇಕಾಯಿತು. ಯಾರ ಮನೆಗೂ ಸೇರದೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಮಾರುಕಟ್ಟೆಯ ಹಿಂಬದಿಯಲ್ಲಿ, ಹಳೆಯ ಕಟ್ಟಡಗಳ ಸಂದಿಗಳಲ್ಲಿ ಹುಟ್ಟಿ ಬೆಳೆಯುವ ಬೀದಿಬೆಕ್ಕುಗಳನ್ನು ಏನು ಮಾಡುವುದು? ಕೊಲ್ಲುವುದೇ? ಹಿಡಿದು ಬೇರೆಡೆಗೆ ಸಾಗಿಸುವುದೇ? ಇದ್ದಲ್ಲೇ ಇರಗೊಡುವುದೇ?

ಈ ಪ್ರಶ್ನೆಗೆ ಸಿಕ್ಕ ಉತ್ತರದ ಇತಿಹಾಸ ಸ್ವಾರಸ್ಯಕರವಾದುದು. ಕರುಣೆ ಹೇಳುವುದನ್ನೇ ಲೆಕ್ಕಾಚಾರವೂ ಹೇಳಿದ ಅಪರೂಪದ ಪ್ರಸಂಗ ಇದು. ಆದರೆ ಆ ಉತ್ತರಕ್ಕೂ ಒಂದು ಎಲ್ಲೆ ಇದೆ. ಆ ಎಲ್ಲೆ ಎಲ್ಲಿದೆ ಎಂಬುದನ್ನು ಇಟಲಿಯ ರೋಮ್ ನಗರ ಅಂಕಿಅಂಶಗಳ ಸಮೇತ ತೋರಿಸಿಕೊಟ್ಟಿತು.

ತಾನಾಗಿ ಬಂದ ಪ್ರಾಣಿ

ಎತ್ತು, ಕುರಿ, ಕುದುರೆಗಳನ್ನು ಮನುಷ್ಯ ಪಳಗಿಸಿದ. ಬೆಕ್ಕಿನ ವಿಷಯದಲ್ಲಿ ಹಾಗೆ ಹೇಳುವುದು ಕಷ್ಟ. ಪಶ್ಚಿಮ ಏಷ್ಯಾದಲ್ಲಿ ಮನುಷ್ಯ ಬೇಸಾಯ ಮಾಡಿ ಕಾಳನ್ನು ಕೂಡಿಡತೊಡಗಿದಾಗ ಕಾಳಿಗಾಗಿ ಇಲಿ ಬಂತು, ಇಲಿಗಾಗಿ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದ ಒಂದು ನೆಲೆಯಲ್ಲಿ ಮನುಷ್ಯನ ಸಮಾಧಿಯ ಪಕ್ಕದಲ್ಲೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರ ದೊರೆತ ಸಂಗತಿ 2004ರಲ್ಲಿ ಪ್ರಕಟವಾಯಿತು. ಅದರ ವಯಸ್ಸು ಸುಮಾರು 9,500 ವರ್ಷ. ಅಂದಿನಿಂದ ಇಂದಿನವರೆಗೂ ಬೆಕ್ಕು ಒಂದು ಕಾಲನ್ನು ಮನೆಯೊಳಗೂ ಮೂರು ಕಾಲನ್ನು ಹೊರಗೂ ಇಟ್ಟುಕೊಂಡೇ ಬದುಕಿದೆ.

ಇಲ್ಲಿ ಓದುಗರು ಒಂದು ಜೈವಿಕ ಸಂಗತಿಯನ್ನು ನೆನಪಿಡಬೇಕು. ಬೆಕ್ಕಿನ ಮರಿಗೆ ಸುಮಾರು ಎರಡರಿಂದ ಏಳು ವಾರದ ಒಳಗೆ ಮನುಷ್ಯರ ಕೈಸ್ಪರ್ಶದ ಅಭ್ಯಾಸವಾಗಬೇಕು. ಆ ಅವಧಿ ಮೀರಿದರೆ ಅದು ಜೀವಮಾನವಿಡೀ ಮನುಷ್ಯರನ್ನು ಕಂಡರೆ ಬೆದರುತ್ತದೆ. ಮನೆಬೆಕ್ಕು ಮತ್ತು ಬೀದಿಬೆಕ್ಕು ಎರಡೂ ಒಂದೇ ಜಾತಿಯ ಪ್ರಾಣಿಗಳು. ಬೀದಿಯಲ್ಲೇ ಬೆಳೆದ ದೊಡ್ಡ ಬೆಕ್ಕನ್ನು ತಂದು ಮನೆಯಲ್ಲಿ ಸಾಕುವುದು ಮಾತ್ರ ಹೆಚ್ಚಿನ ಸಂದರ್ಭಗಳಲ್ಲಿ ಆಗದ ಕೆಲಸ. "ಎಲ್ಲವನ್ನೂ ಯಾರಾದರೂ ದತ್ತು ತೆಗೆದುಕೊಂಡರಾಯಿತು" ಎಂಬ ಸಲಹೆ ನಡೆಯದಿರುವುದು ಈ ಕಾರಣಕ್ಕೆ.

ಕಾಗದದ ಮೇಲಿನ ಲೆಕ್ಕ, ನೆಲದ ಮೇಲಿನ ಲೆಕ್ಕ

ಹೆಣ್ಣುಬೆಕ್ಕು ಆರು ತಿಂಗಳ ಆಸುಪಾಸಿನಲ್ಲೇ ಗರ್ಭ ಧರಿಸಬಲ್ಲದು. ಗರ್ಭದ ಅವಧಿ ಸುಮಾರು ಒಂಬತ್ತು ವಾರ. ಇಷ್ಟನ್ನೇ ಹಿಡಿದು ಗುಣಿಸುತ್ತಾ ಹೋದರೆ ಒಂದು ಬೆಕ್ಕಿನ ಸಂತತಿ ಏಳು ವರ್ಷಗಳಲ್ಲಿ ನಾಲ್ಕು ಲಕ್ಷ ದಾಟುತ್ತದೆ. ಪ್ರಾಣಿದಯಾ ಕರಪತ್ರಗಳಲ್ಲಿ ಈ ಸಂಖ್ಯೆ ಬಹುಕಾಲ ಓಡಾಡಿದೆ. ಲೆಕ್ಕ ತಪ್ಪಲ್ಲದಿರಬಹುದು, ಆದರೆ ಅದು ಕಾಗದದ ಮೇಲಿನ ಲೆಕ್ಕ. ಹುಟ್ಟಿದ ಮರಿಗಳೆಲ್ಲ ಬದುಕುತ್ತವೆ ಎಂದು ಅದು ಭಾವಿಸುತ್ತದೆ.

ನೆಲದ ಮೇಲಿನ ಲೆಕ್ಕ ಬೇರೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಬೀದಿಬೆಕ್ಕುಗಳ ಗುಂಪುಗಳನ್ನು ಹಿಂಬಾಲಿಸಿ ನಡೆಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅದರಲ್ಲಿ 169 ಮರಿಗಳ ಪೈಕಿ 127 ಆರು ತಿಂಗಳು ತುಂಬುವುದರೊಳಗೆ ಸತ್ತವು ಅಥವಾ ಕಾಣೆಯಾದವು. ಅಂದರೆ ನಾಲ್ಕರಲ್ಲಿ ಮೂರು. "ಅದರ ಪಾಡಿಗೆ ಅದು ಇರಲಿ" ಎಂದು ಸುಮ್ಮನಿರುವುದು ದಯೆಯಂತೆ ಕಂಡರೂ ಅದರ ಹಿಂದೆ ನಮ್ಮ ಕಣ್ಣಿಗೆ ಬೀಳದ ಈ ಸಾವುಗಳಿವೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತೇವೆ. ಈ ವಿಷಯದಲ್ಲಿ ಕಣ್ಣು ಮುಚ್ಚಿರುವವರು ನಾವೇ.

ಹಾಗಾದರೆ ಹಿಡಿದು ಕೊಂದರೆ? ಮರಿಗಳ ಸಾವಿನ ಈ ಲೆಕ್ಕವೇ ಆ ಕ್ರಮ ಯಾಕೆ ಸೋಲುತ್ತದೆ ಎಂಬುದನ್ನೂ ವಿವರಿಸುತ್ತದೆ. ಒಂದು ಮಾರುಕಟ್ಟೆಯ ಮೂಲೆಯಲ್ಲಿ ಎಷ್ಟು ಬೆಕ್ಕು ಇರಬಹುದೆಂಬುದನ್ನು ಅಲ್ಲಿ ಸಿಗುವ ಆಹಾರ ಮತ್ತು ಅಡಗುತಾಣಗಳು ನಿರ್ಧರಿಸುತ್ತವೆ. ಹತ್ತು ದೊಡ್ಡ ಬೆಕ್ಕುಗಳನ್ನು ತೆಗೆದರೆ ಅವುಗಳ ಪಾಲಿನ ಆಹಾರ ಉಳಿಯುತ್ತದೆ. ಸಾಯಬೇಕಾಗಿದ್ದ ಮರಿಗಳು ಅದನ್ನು ತಿಂದು ಬದುಕುತ್ತವೆ, ಪಕ್ಕದ ಬೀದಿಯ ಬೆಕ್ಕುಗಳೂ ಬಂದು ಸೇರಿಕೊಳ್ಳುತ್ತವೆ. ಆಸ್ಟ್ರೇಲಿಯದ ಟಾಸ್ಮೇನಿಯಾ ಕಾಡುಗಳಲ್ಲಿ 2010ರ ದಶಕದಲ್ಲಿ ಇದನ್ನು ಪರೀಕ್ಷಿಸಿದರು. ಎರಡು ಜಾಗಗಳಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಅಷ್ಟಿಷ್ಟು ಬೆಕ್ಕುಗಳನ್ನು ತೆಗೆಯುತ್ತಾ ಬಂದರೆ, ಒಂದು ಕಡೆ ಅವುಗಳ ಸಂಖ್ಯೆ ಶೇಕಡಾ 75ರಷ್ಟು, ಇನ್ನೊಂದು ಕಡೆ ಶೇಕಡಾ 211ರಷ್ಟು ಹೆಚ್ಚಿತ್ತು!

ಸಂಪೂರ್ಣ ನಿರ್ಮೂಲನ ಸಾಧ್ಯವೇ ಇಲ್ಲವೆಂದಲ್ಲ. ದಕ್ಷಿಣ ಆಫ್ರಿಕಕ್ಕೆ ಸೇರಿದ ಮೇರಿಯನ್ ದ್ವೀಪಕ್ಕೆ 1949ರಲ್ಲಿ ಇಲಿ ಹಿಡಿಯಲೆಂದು ಐದು ಬೆಕ್ಕುಗಳನ್ನು ಒಯ್ದಿದ್ದರು. 1977ರ ವೇಳೆಗೆ ಅವು ಸುಮಾರು 3,400 ಆದವು. ಪ್ರತಿವರ್ಷ ಲಕ್ಷಗಟ್ಟಲೆ ಕಡಲಹಕ್ಕಿಗಳು ಅವುಗಳ ಬಾಯಿಗೆ ಬೀಳುತ್ತಿದ್ದವು. ಆ ವರ್ಷ ಬೆಕ್ಕಿಗೆ ಮಾರಕವಾದ ವೈರಸ್ಸೊಂದನ್ನು ಬಿಟ್ಟರು, ಆಮೇಲೆ ರಾತ್ರಿ ಹೊತ್ತು ಗುಂಡು ಹೊಡೆದರು, ಬೋನು ಇಟ್ಟರು, ವಿಷ ಇಟ್ಟರು. 1991ರ ಹೊತ್ತಿಗೆ ಬೆಕ್ಕು ಅಲ್ಲಿ ಇಲ್ಲವಾಯಿತು. ಕಡಲಹಕ್ಕಿಗಳನ್ನು ಉಳಿಸಲು ಅಲ್ಲಿ ಬೇರೆ ದಾರಿ ಇರಲಿಲ್ಲ ಎಂದು ವಾದಿಸುವವರಿದ್ದಾರೆ. ಆದರೆ ಮೇರಿಯನ್ ಸುತ್ತ ಸಮುದ್ರವಿತ್ತು. ಹೊಸ ಬೆಕ್ಕು ಬರುವ ದಾರಿಯೇ ಇರಲಿಲ್ಲ. ನಗರಕ್ಕೆ ಅಂಥ ಸಮುದ್ರವಿಲ್ಲ.

ಲಂಡನ್ನಿನಿಂದ ಬಂದ ಉಪಾಯ

ಇನ್ನೊಂದು ದಾರಿ ಕಂಡುಕೊಂಡವರು ವಿಜ್ಞಾನಿಗಳಲ್ಲ, ಬೆಕ್ಕುಗಳಿಗೆ ಊಟ ಹಾಕುತ್ತಿದ್ದ ಸಾಮಾನ್ಯ ಜನ. 1970ರ ದಶಕದ ಬ್ರಿಟನ್ನಿನಲ್ಲಿ ದೊಡ್ಡ ಆಸ್ಪತ್ರೆ, ಕಾರ್ಖಾನೆಗಳ ಬಿಸಿನೀರಿನ ಕೊಳವೆಗಳಿರುವ ಸುರಂಗಗಳು ಬೆಕ್ಕುಗಳಿಗೆ ಬೆಚ್ಚನೆಯ ಮನೆಗಳಾಗಿದ್ದವು. ಆಡಳಿತದವರು ಅವನ್ನು ಕೊಲ್ಲಿಸುವುದು, ಅವು ಮತ್ತೆ ತುಂಬಿಕೊಳ್ಳುವುದು ನಡೆದೇ ಇತ್ತು. ರೂತ್ ಪ್ಲಾಂಟ್ ಎಂಬ ಮಹಿಳೆ, ರೂಪದರ್ಶಿಯಾಗಿ ಹೆಸರು ಮಾಡಿದ್ದ ಸೀಲಿಯಾ ಹ್ಯಾಮಂಡ್ ಮೊದಲಾದವರು ಬೇರೆ ಕ್ರಮ ಹಿಡಿದರು. ಬೆಕ್ಕನ್ನು ಬೋನಿನಲ್ಲಿ ಹಿಡಿಯುವುದು, ಪಶುವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು, ಹಿಡಿದ ಜಾಗಕ್ಕೇ ಮರಳಿ ಬಿಡುವುದು. ಅರಿವಳಿಕೆ ಕೊಟ್ಟಿರುವಾಗಲೇ ಒಂದು ಕಿವಿಯ ತುದಿಯನ್ನು ಚೂರು ಕತ್ತರಿಸುತ್ತಿದ್ದರು. ದೂರದಿಂದ ನೋಡಿದರೂ "ಇದಕ್ಕೆ ಆಗಿದೆ" ಎಂದು ತಿಳಿಯಬೇಕಲ್ಲ!

ಚಿಕಿತ್ಸೆಯಾದ ಬೆಕ್ಕು ಜಾಗ ಬಿಡುವುದಿಲ್ಲ, ತನ್ನ ಪಾಲಿನ ಆಹಾರ ತಾನೇ ತಿನ್ನುತ್ತದೆ, ಆದರೆ ಮರಿ ಹಾಕುವುದಿಲ್ಲ. ಗಂಡುಗಳ ರಾತ್ರಿಯ ಕಾದಾಟ, ಕೂಗಾಟ, ದುರ್ವಾಸನೆಗಳೂ ಕಡಿಮೆಯಾಗುತ್ತವೆ. ನೆರೆಹೊರೆಯವರ ದೂರುಗಳಲ್ಲಿ ಅರ್ಧದಷ್ಟು ಇವುಗಳ ಬಗ್ಗೆಯೇ ಅಲ್ಲವೇ? 1980ರಲ್ಲಿ ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನಲ್ಲಿ ಈ ಬಗ್ಗೆ ವಿಚಾರಸಂಕಿರಣ ನಡೆಯಿತು. ಊಟ ಹಾಕುವವರ ಹುಚ್ಚು ಎನಿಸಿಕೊಂಡಿದ್ದ ಕೆಲಸ ಶಾಸ್ತ್ರೀಯ ಚರ್ಚೆಗೆ ಬಂತು.

ಸೀಸರ್ ಸತ್ತ ಜಾಗದಲ್ಲಿ

ಆ ಕ್ರಮವನ್ನು ದೇಶದ ಕಾನೂನನ್ನಾಗಿ ಮಾಡಿದ್ದು ಇಟಲಿ. ರೋಮ್ ನಗರದ ನಡುವೆ ಲಾರ್ಗೊ ದಿ ತೊರ್ರೆ ಅರ್ಜೆಂಟಿನಾ ಎಂಬ ಚೌಕವಿದೆ. 1920ರ ದಶಕದ ಕೊನೆಯಲ್ಲಿ ಅಲ್ಲಿ ಅಗೆದಾಗ ನಾಲ್ಕು ಪುರಾತನ ದೇವಾಲಯಗಳ ಅವಶೇಷಗಳು ಹೊರಬಂದವು. ಕ್ರಿಸ್ತಪೂರ್ವ 44ರಲ್ಲಿ ಜೂಲಿಯಸ್ ಸೀಸರನ ಕೊಲೆ ನಡೆದ ಪಾಂಪೆಯ ಸಭಾಭವನವೂ ಇಲ್ಲೇ ಇತ್ತು. ಬೀದಿಯ ಮಟ್ಟಕ್ಕಿಂತ ಬಹಳ ಕೆಳಗಿರುವ, ವಾಹನ ಬಾರದ, ಜನ ಇಳಿಯದ ಆ ಹಳ್ಳ ಬೆಕ್ಕುಗಳಿಗೆ ಹೇಳಿ ಮಾಡಿಸಿದಂತಿತ್ತು. ಅಲ್ಲಿ ಅವು ನೆಲೆಸಿದವು. ಅವುಗಳಿಗೆ ಪಾಸ್ತಾ, ಮೀನು ತಂದು ಹಾಕುವ ಹೆಂಗಸರಿಗೆ ರೋಮಿನ ಜನ ಗತ್ತಾರೆ ಎಂದು ಹೆಸರಿಟ್ಟರು. ಪಕ್ಕದ ರಂಗಮಂದಿರದಲ್ಲಿ ಅಭಿನಯಿಸುತ್ತಿದ್ದ ಪ್ರಸಿದ್ಧ ನಟಿ ಅನ್ನಾ ಮಾನ್ಯಾನಿಯೂ ಬಿಡುವಿನಲ್ಲಿ ಬಂದು ಊಟ ಹಾಕುತ್ತಿದ್ದರೆಂದು ಹೇಳುತ್ತಾರೆ.

ಊಟ ಹೆಚ್ಚಿದಂತೆ ಬೆಕ್ಕೂ ಹೆಚ್ಚಿತು. ಬರಿಯ ಕರುಣೆ ಸಮಸ್ಯೆಯನ್ನು ಬಿಡಿಸಲಿಲ್ಲ, ಬೆಳೆಸಿತು. ತಿರುವು ಬಂದದ್ದು 1991ರ ಆಗಸ್ಟ್ 14ರಂದು. ಆ ದಿನಾಂಕದ 281ನೆಯ ಸಂಖ್ಯೆಯ ಕಾನೂನು ಮೂರು ಮಾತು ಹೇಳಿತು. ಸ್ವತಂತ್ರವಾಗಿ ಬದುಕುವ ಬೆಕ್ಕುಗಳನ್ನು ಹಿಂಸಿಸಬಾರದು. ಸ್ಥಳೀಯ ಆರೋಗ್ಯಾಧಿಕಾರಿಗಳು ಅವುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ ಅವುಗಳ ಗುಂಪಿಗೇ ಮರಳಿಸಬೇಕು. ತೀವ್ರ ಅಥವಾ ವಾಸಿಯಾಗದ ಕಾಯಿಲೆ ಇದ್ದರೆ ಮಾತ್ರ ಅವುಗಳಿಗೆ ಸಾವು ಕೊಡಬಹುದು. ಬೆಕ್ಕಿನ ಗುಂಪುಗಳ ಉಸ್ತುವಾರಿಯನ್ನು ಪ್ರಾಣಿದಯಾ ಸಂಘಗಳು ಆರೋಗ್ಯ ಇಲಾಖೆಯೊಡನೆ ಒಪ್ಪಂದ ಮಾಡಿಕೊಂಡು ವಹಿಸಿಕೊಳ್ಳಬಹುದು ಎಂದೂ ಅದರಲ್ಲಿತ್ತು. ಬೈಸಿಕೊಂಡು ಊಟ ಹಾಕುತ್ತಿದ್ದ ಹೆಂಗಸರು ಹೀಗೆ ವ್ಯವಸ್ಥೆಯ ಭಾಗವಾದರು. ಯಾವ ಬೆಕ್ಕು ಹೊಸದು, ಯಾವುದು ಗಬ್ಬ, ಯಾವುದಕ್ಕೆ ಕಾಯಿಲೆ ಎಂಬುದು ಅವರಿಗಲ್ಲದೆ ಬೇರೆ ಯಾರಿಗೆ ತಿಳಿದೀತು?

1990ರ ದಶಕದ ಆರಂಭದಲ್ಲಿ ತೊರ್ರೆ ಅರ್ಜೆಂಟಿನಾದಲ್ಲಿ ಸ್ವಯಂಸೇವಕರ ಆಶ್ರಯಧಾಮ ಶುರುವಾಯಿತು. ಪುರಾತತ್ತ್ವ ಇಲಾಖೆಗೂ ಅವರಿಗೂ 2012ರಲ್ಲಿ ದೊಡ್ಡ ಜಗಳವೇ ನಡೆಯಿತು. ಸ್ಮಾರಕದ ನಡುವೆ ಬೆಕ್ಕಿನ ಆಸ್ಪತ್ರೆ ಇರಕೂಡದು ಎಂಬುದು ಇಲಾಖೆಯ ವಾದ. ಆಶ್ರಯಧಾಮ ಉಳಿಯಿತು. 2023ರಲ್ಲಿ ಆ ಅವಶೇಷಗಳ ನಡುವೆ ನಡೆದಾಡುವ ದಾರಿ ಸಾರ್ವಜನಿಕರಿಗೆ ತೆರೆದಾಗಲೂ ಬೆಕ್ಕುಗಳು ಅಲ್ಲೇ ಇದ್ದವು.

ಹತ್ತು ವರ್ಷದ ಫಲಿತಾಂಶ

ಪ್ರೀತಿಯ ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ರೋಮಿನ ಪಶುವೈದ್ಯರು ಮತ್ತು ಸಂಶೋಧಕರು ಎಣಿಕೆಗೂ ಇಳಿದರು. 1991ರಿಂದ 2000ದವರೆಗೆ ನಗರದಲ್ಲಿ ಸುಮಾರು 8,000 ಬೆಕ್ಕುಗಳಿಗೆ ಚಿಕಿತ್ಸೆ ಮಾಡಿ ಮರಳಿ ಬಿಡಲಾಗಿತ್ತು. 103 ಗುಂಪುಗಳನ್ನು ಪರಿಶೀಲಿಸಿ 2006ರಲ್ಲಿ ಅವರು ಪ್ರಕಟಿಸಿದ ವರದಿಯ ಪ್ರಕಾರ 55 ಗುಂಪುಗಳಲ್ಲಿ ಸಂಖ್ಯೆ ಇಳಿದಿತ್ತು, 20ರಲ್ಲಿ ಹಾಗೇ ಇತ್ತು, 28ರಲ್ಲಿ ಏರಿತ್ತು. ಒಟ್ಟಾರೆ ಇಳಿಕೆ ನಿಜ. ಆದರೆ ಹೊಸದಾಗಿ ಬಂದು ಸೇರುವ ಬೆಕ್ಕುಗಳ ಪ್ರಮಾಣ ಶೇಕಡಾ 21ರಷ್ಟಿತ್ತು. ಇವುಗಳಲ್ಲಿ ಕೆಲವು ತಾವಾಗಿ ಬಂದವು, ಉಳಿದವು ಮನೆಯವರು ತಂದು ಬಿಟ್ಟುಹೋದವು. ಮನೆಬೆಕ್ಕುಗಳ ಸಂತಾನವನ್ನು ತಡೆಯುವಂತೆ ಜನರಿಗೆ ತಿಳಿವಳಿಕೆ ಕೊಡದಿದ್ದರೆ ಈ ಶ್ರಮವೆಲ್ಲ ಹಣ, ಕಾಲ, ಶಕ್ತಿಗಳ ದಂಡ ಎಂಬ ಕಟುವಾದ ತೀರ್ಮಾನಕ್ಕೆ ಸಂಶೋಧಕರು ಬಂದರು.

ಅರ್ಧಂಬರ್ಧ ಕೆಲಸದ ಪಾಡನ್ನು ಇನ್ನೊಂದು ನಗರವೂ ತೋರಿಸಿತು. ಇಸ್ರೇಲಿನ ರಿಶೋನ್ ಲೆಝಿಯೋನ್‌ನಲ್ಲಿ ನಡೆದ ಹನ್ನೆರಡು ವರ್ಷಗಳ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ನಗರದ ಅರ್ಧ ವಲಯಗಳಲ್ಲಷ್ಟೇ ಚಿಕಿತ್ಸೆ ನಡೆಸಿದಾಗ ಪಕ್ಕದ ವಲಯಗಳ ಬೆಕ್ಕುಗಳು ಬಂದು ಸೇರಿದವು, ಸಂಖ್ಯೆ ಇಳಿಯಲಿಲ್ಲ. ಇಡೀ ನಗರದಲ್ಲಿ ಶೇಕಡಾ 70ಕ್ಕೂ ಹೆಚ್ಚು ಬೆಕ್ಕುಗಳಿಗೆ ಚಿಕಿತ್ಸೆಯಾದ ಮೇಲಷ್ಟೇ ವರ್ಷಕ್ಕೆ ಸುಮಾರು ಶೇಕಡಾ 7ರಂತೆ ಇಳಿಕೆ ಕಂಡಿತು.

ನಮ್ಮ ನೆಲದ ಮಾತು

ನಮ್ಮ ದೇಶದಲ್ಲಿ ಈ ಪಾಠವನ್ನು ಕಲಿತದ್ದು ಬೆಕ್ಕಿನಿಂದಲ್ಲ, ನಾಯಿಯಿಂದ. ಮದ್ರಾಸಿನ ಬ್ಲೂ ಕ್ರಾಸ್ ಸಂಸ್ಥೆ 1964ರಲ್ಲೇ ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆಯ ಸಲಹೆ ಮುಂದಿಟ್ಟಿತ್ತು. ನಗರಪಾಲಿಕೆ ಅದಕ್ಕೆ ಕೈಜೋಡಿಸಿದ್ದು 1996ರಲ್ಲಿ. ಕೇಂದ್ರ ಸರ್ಕಾರದ ನಿಯಮಗಳು ಬಂದದ್ದು 2001ರಲ್ಲಿ. 2023ರಲ್ಲಿ ಅವುಗಳ ಜಾಗದಲ್ಲಿ ಹೊಸ ನಿಯಮಗಳು ಬಂದವು. ಬೆಂಗಳೂರಿನಲ್ಲಿ 2019ರ ಗಣತಿ 3.10 ಲಕ್ಷ ಬೀದಿನಾಯಿಗಳೆಂದು ಅಂದಾಜಿಸಿದರೆ, 2023ರ ಗಣತಿ 2.79 ಲಕ್ಷವೆಂದು ಹೇಳಿತು. ಇಳಿಕೆ ನಿಧಾನ, ಆದರೆ ಇಳಿಕೆಯೇ. ನಾಯಿಯ ವಿಷಯ 2025ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬೆಕ್ಕಿನ ಬಗ್ಗೆ ಅಷ್ಟು ಗದ್ದಲವಿಲ್ಲ. ಅದು ನಾಯಿಯಂತೆ ಬೀದಿಯ ನಡುವೆ ಮಲಗುವುದಿಲ್ಲ, ಅಟ್ಟದ ಮೇಲೆ ಮರಿ ಹಾಕುತ್ತದೆ.

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತು ನಮ್ಮಲ್ಲಿದೆ. ಎಂಟನೆಯ ಮನೆ ಯಾವುದು? ಎಷ್ಟೋ ಸಲ ಅದು ಗೋಣಿಚೀಲ. ಮರಿಗಳನ್ನು ಅದರಲ್ಲಿ ತುಂಬಿ ಊರಾಚೆ, ಮಾರುಕಟ್ಟೆಯ ಬಳಿ, ಇಲ್ಲವೇ ದೇವಸ್ಥಾನದ ಹಿಂದೆ ಬಿಟ್ಟು ಬರುವುದು ಹಳ್ಳಿ ನಗರಗಳೆರಡರಲ್ಲೂ ಉಂಟು. ಕೊಲ್ಲಲಿಲ್ಲ ಎಂಬ ಸಮಾಧಾನ ಬಿಟ್ಟುಬಂದವರಿಗೆ ಇರಬಹುದು. ನಾಲ್ಕರಲ್ಲಿ ಮೂರು ಮರಿಗಳಿಗೆ ಆಗುವುದೇನೆಂದು ಮೇಲಿನ ಲೆಕ್ಕ ಹೇಳಿದೆ. ಉಳಿಯುವ ಒಂದೇ ರೋಮಿನ ವರದಿಯ ಆ ಶೇಕಡಾ 21ಕ್ಕೆ ಹೋಗಿ ಸೇರುವುದು.

ಆದ್ದರಿಂದ ಮನೆಯಲ್ಲಿ ಬೆಕ್ಕು ಸಾಕಿದವರು ಅದು ಮೊದಲ ಸಲ ಗರ್ಭ ಧರಿಸುವ ಮುನ್ನವೇ ಪಶುವೈದ್ಯರನ್ನು ಕಾಣಬೇಕು. ಬೀದಿಬೆಕ್ಕಿಗೆ ಊಟ ಹಾಕುವವರು ಚಿಕಿತ್ಸೆಯ ಹೊಣೆಯನ್ನೂ ಹೊರಬೇಕು. ಒಬ್ಬರಿಗೆ ಕಷ್ಟವಾದರೆ ಬೀದಿಯವರು ಸೇರಿ ಹೊರಬಹುದು. ಚಿಕಿತ್ಸೆಯ ಜೊತೆಗೇ ರೇಬೀಸ್ ಲಸಿಕೆ ಹಾಕಿಸುವುದನ್ನು ಮರೆಯಬಾರದು. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪುನೀರಿನಲ್ಲಿ ಹದಿನೈದು ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅದು "ಬರಿಯ ಬೆಕ್ಕು" ಎಂಬ ಉದಾಸೀನ ಸಲ್ಲದು. ಇನ್ನು ನಗರಪಾಲಿಕೆಯವರು ಮಾಡುವುದಾದರೆ ಒಂದು ಬಡಾವಣೆಯನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗಬೇಕು, ಕಸದ ತೊಟ್ಟಿಗೆ ಮುಚ್ಚಳವನ್ನೂ ಹಾಕಬೇಕು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ರೋಮಿನ ಹತ್ತು ವರ್ಷದ ಎಣಿಕೆ ಕೊಟ್ಟ ಉತ್ತರ ಸರಳವಾದುದು. ಬೀದಿಯ ಬೆಕ್ಕಿಗೆ ಗಂಟೆ ಕಟ್ಟಬೇಕಾದವರು ಮನೆಯಲ್ಲಿ ಬೆಕ್ಕು ಸಾಕಿದವರೇ.